ವಿಧಾನಸೌಧವನ್ನು ನೋಡುವ ಬಗೆ

ಬೆಂಗಳೂರಿಗೆ ಬಂದ ಹಳ್ಳಿಯ ಕುಟುಂಬಕ್ಕೆ ಲಾಲ್‌ಬಾಗು, ಕಬ್ಬನ್ ಪಾರ್ಕು, ವಿಧಾನಸೌಧ ಈ ಮೂರೂ ನೋಡಲೇಬೇಕಾದ ಸ್ಥಳಗಳು. ಮದುವೆಗೋ ಆಸ್ಪತ್ರೆಗೋ ಬಂದವರು ಊರಿಗೆ ಮರಳುವ ಮುನ್ನ ಅಂಬೇಡ್ಕರ್ ಬೀದಿಯ ಬದಿಯಲ್ಲಿ ನಿಂತು, ಬೇಲಿಯಾಚೆಯ ಆ ಭವ್ಯ ಶಿಲಾಸೌಧವನ್ನು ಕಣ್ತುಂಬ ನೋಡಿ, ಒಂದು ಭಾವಚಿತ್ರ ತೆಗೆಸಿಕೊಂಡು ಧನ್ಯರಾಗುತ್ತಾರೆ. ಅಲ್ಲಿಗೆ ದರ್ಶನ ಮುಗಿಯಿತೆ ಎಂಬುದೇ ವಿಚಾರಣೀಯವಾದ ಪ್ರಶ್ನೆ.

ಇಂಥ ಗುಂಪಿನಲ್ಲಿ ಒಂದು ಮಗು ಅಜ್ಜನ ಕೈ ಜಗ್ಗಿ, ‘ಇದು ಯಾವ ರಾಜನ ಅರಮನೆ?’ ಎಂದು ಕೇಳುವುದು ಅಪರೂಪವೇನಲ್ಲ. ‘ಅದು ದೊಡ್ಡವರದಪ್ಪ, ನಮ್ಮಂಥವರದಲ್ಲ’ ಎಂಬ ಉತ್ತರವೂ ಅಷ್ಟೇ ಸಾಮಾನ್ಯ. ಮುಗ್ಧವಾಗಿ ತೋರುವ ಈ ಉತ್ತರದಿಂದ ಪ್ರಜಾಪ್ರಭುತ್ವಕ್ಕೆ ಆಗುವ ಹಾನಿ ಸಣ್ಣದಲ್ಲ.

1951ರ ಜುಲೈ 13ರಂದು ಪಂಡಿತ ಜವಾಹರಲಾಲ್ ನೆಹರೂ ಅವರು ಈ ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. ಆಗ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಗಳು. 1952ರಲ್ಲಿ ಅಧಿಕಾರಕ್ಕೆ ಬಂದ ಕೆಂಗಲ್ ಹನುಮಂತಯ್ಯನವರು ನಕ್ಷೆಯನ್ನು ಬದಲಿಸಿ, ದ್ರಾವಿಡ ಶೈಲಿಯ ಮಹಾಸೌಧದ ಕನಸು ಕಂಡರು. ‘ನಿಮ್ಮದೇ ಆದ ವಾಸ್ತುಶಿಲ್ಪವಿಲ್ಲವೆ?’ ಎಂದು ರಷ್ಯದ ಅತಿಥಿಗಳು ಕೇಳಿದ ಪ್ರಶ್ನೆಯೇ ಅದಕ್ಕೆ ಪ್ರೇರಣೆಯೆಂದು ಹೇಳುವುದುಂಟು. ಸಾವಿರಾರು ಕೂಲಿಕಾರರೂ ಶಿಲ್ಪಿಗಳೂ ಅವರೊಡನೆ ಸೆರೆಮನೆಯ ಕೈದಿಗಳೂ ದುಡಿದು, 700 ಅಡಿ ಉದ್ದ 350 ಅಡಿ ಅಗಲದ ಸೌಧವನ್ನು 1956ರಲ್ಲಿ ಪೂರ್ಣಗೊಳಿಸಿದರು. ವೆಚ್ಚ ಒಂದೂಮುಕ್ಕಾಲು ಕೋಟಿ ರೂಪಾಯಿಯ ಆಸುಪಾಸು. ಬಡನಾಡಿಗೆ ಇಷ್ಟು ಆಡಂಬರವೇಕೆಂಬ ಟೀಕೆ ಆಗಲೇ ಎದ್ದಿತ್ತು. ಕಟ್ಟಡ ಮುಗಿಯುವ ವೇಳೆಗೆ ಹನುಮಂತಯ್ಯನವರು ಪದವಿಯಲ್ಲಿರಲಿಲ್ಲ. ಕಟ್ಟಿದವರು ಹೋದರು, ಕಟ್ಟಡ ಜನರಿಗೆ ಉಳಿಯಿತು.

ಟೀಕಾಕಾರರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಭವ್ಯತೆ ಎರಡು ಬಗೆಯ ಕೆಲಸ ಮಾಡಬಲ್ಲುದು: ಪ್ರಜೆಯನ್ನು ಕುಗ್ಗಿಸಬಹುದು, ಇಲ್ಲವೆ ಹಿಗ್ಗಿಸಬಹುದು. ಅರಮನೆಯ ಮುಂದೆ ಜನ ಕೈಕಟ್ಟಿ ನಿಲ್ಲುತ್ತಿದ್ದರು. ಸೌಧದ ಮುಂದೆಯೂ ಹಾಗೆಯೇ ನಿಂತರೆ ಅಷ್ಟು ಕಲ್ಲು ಕೆತ್ತಿದ್ದು ವ್ಯರ್ಥವೇ ಸರಿ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಮುಂಭಾಗದಲ್ಲಿ ಬರೆಸಿದ್ದು ಒಳಗೆ ಕುಳಿತವರು ಓದಲೆಂದು. ಹೊರಗೆ ನಿಂತವನು ಓದಬೇಕಾದದ್ದು, ಆ ಕೆಲಸದ ಲೆಕ್ಕ ಕೇಳುವ ಹಕ್ಕು ತನಗಿದೆ ಎಂಬುದನ್ನು.

ಎದುರಿಗಿರುವ ಕೆಂಪು ಅಠಾರಾ ಕಚೇರಿಯೂ ಇದಕ್ಕೆ ಸಾಕ್ಷಿ. 1868ರಲ್ಲಿ ಪೂರ್ಣಗೊಂಡು, ಈಗ ಉಚ್ಚ ನ್ಯಾಯಾಲಯವಿರುವ ಆ ಕಟ್ಟಡವನ್ನು ಕೆಡಹುವ ಮಾತು 1980ರ ದಶಕದಲ್ಲಿ ಬಂದಾಗ, ಅದನ್ನು ಉಳಿಸಲು ಮುಂದಾದವರು ನಾಗರಿಕರೇ. ತಮ್ಮದೆಂಬ ಭಾವವಿದ್ದುದರಿಂದಲೇ ಅದು ಸಾಧ್ಯವಾಯಿತು.

2025ರಲ್ಲಿ ರಜಾ ದಿನಗಳಂದು ಸಾರ್ವಜನಿಕರಿಗೆ ವಿಧಾನಸೌಧದ ಮಾರ್ಗದರ್ಶಿತ ದರ್ಶನ ಆರಂಭವಾದದ್ದು ಸ್ವಾಗತಾರ್ಹ. ಆದರೆ ರಜೆಯ ದಿನ ಪ್ರವಾಸಿಯಾಗಿ ಒಳಹೊಕ್ಕ ರೈತ, ಕೆಲಸದ ದಿನ ಅರ್ಜಿ ಹಿಡಿದು ಬಂದಾಗಲೂ ಅದೇ ಮರ್ಯಾದೆ ಪಡೆಯಬೇಕು. ಕಾವಲು ಬೇಕು, ನಿಜ; ಕಾವಲಿನ ನೆಪದಲ್ಲಿ ಮನೆಯ ಯಜಮಾನನೇ ಪರಕೀಯನಾಗಬಾರದು.

ಇಲ್ಲಿ ಶಾಲೆಗಳ ಹೊಣೆ ಹಿರಿದು. ಪ್ರವಾಸಕ್ಕೆ ಮುನ್ನ ವಿಧಾನಸಭೆಯ 224 ಸದಸ್ಯರಲ್ಲಿ ತಮ್ಮ ಕ್ಷೇತ್ರದವರು ಯಾರು, 75 ಸದಸ್ಯರ ಪರಿಷತ್ತಿಗೆ ಶಿಕ್ಷಕರೂ ಪದವೀಧರರೂ ಪ್ರತಿನಿಧಿಗಳನ್ನು ಆರಿಸುವುದು ಹೇಗೆ ಎಂಬುದನ್ನು ಉಪಾಧ್ಯಾಯರು ತಿಳಿಸಿಕೊಡಲಿ. ಹಿಂದಿರುಗಿದ ಮೇಲೆ ಅದೇ ಮಕ್ಕಳನ್ನು ಊರಿನ ಪಂಚಾಯಿತಿ ಕಚೇರಿಗೂ ಕರೆದೊಯ್ಯಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಬಡಮಕ್ಕಳ ಬಸ್ಸಿನ ಖರ್ಚನ್ನು ವಹಿಸಿಕೊಂಡರೆ ಅದು ಸಾರ್ಥಕವಾದ ದಾನವೇ.

ಮುಂದೊಮ್ಮೆ ಮಗು ‘ಇದು ಯಾರ ಮನೆ?’ ಎಂದು ಕೇಳಿದಾಗ, ‘ನಮ್ಮದೇ ಮಗು, ಚೆನ್ನಾಗಿ ನೋಡಿಕೊಳ್ಳಬೇಕು’ ಎಂದು ಅಜ್ಜ ಅಳುಕಿಲ್ಲದೆ ಹೇಳುವಂತಾದರೆ, ಸೌಧವನ್ನು ಕಟ್ಟಿದ್ದೂ ಸಾರ್ಥಕ, ನೋಡಿದ್ದೂ ಸಾರ್ಥಕ.