ಯುದ್ಧಕ್ಕೆ ಒಪ್ಪಿದವರು ಯಾರು?

೧೯೩೯ನೆಯ ಸೆಪ್ಟೆಂಬರ್ ೩ರಂದು ವೈಸರಾಯ್ ಲಿನ್‌ಲಿತ್ಗೋ ಅವರು ಹಿಂದೂಸ್ಥಾನವನ್ನು ಮಹಾಯುದ್ಧಕ್ಕೆ ಸೇರಿಸುವಾಗ ಅಗಡಿಯ ರೈತನನ್ನಾಗಲಿ ಮುಂಬಯಿಯ ಮಂತ್ರಿಗಳನ್ನಾಗಲಿ ಕೇಳಲಿಲ್ಲ. ಆದರೂ ಸುಮಾರು ೨೫ ಲಕ್ಷ ಜನರು ಸೈನ್ಯ ಸೇರಿದುದನ್ನೇ ಹಿಡಿದು, ಪ್ರಜೆಗಳು ಯುದ್ಧದ ಪರವಾಗಿದ್ದರೆಂದು ವಾದಿಸುವವರು ಇಂದಿಗೂ ಉಂಟು. ಈ ವಾದವನ್ನು ನಾವು ಒಪ್ಪಲಾರೆವು. ಹೊಟ್ಟೆಯ ಪಾಡಿಗಾಗಿ ಪಲ್ಟನ್ ಸೇರಿದವನ ಹೆಬ್ಬೆಟ್ಟು ದೇಶದ ಸಮ್ಮತಿಪತ್ರವಲ್ಲ. ಹಿಟ್ಲರನ ಗೆಲವು ಬೇಡವೆಂದೇ ಯುದ್ಧವನ್ನು ಬೆಂಬಲಿಸಿದ ದೇಶಭಕ್ತರೂ ಇದ್ದರು. ಅವರನ್ನು ದ್ರೋಹಿಗಳೆಂದು ಜರೆಯುವುದು ತರವಲ್ಲ. ತಕರಾರಿದ್ದುದು ಕೇಳದೆ ಕೊರಳಿಗೆ ಕಟ್ಟಿದ ನೊಗದ ಬಗ್ಗೆ. ಚಲೇಜಾವ್ ಚಳವಳಿಯ ಕಾಲದಲ್ಲಿ, ೧೯೪೩ನೆಯ ಏಪ್ರಿಲ್ ೧ರಂದು, ಇದೇ ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಸರಕಾರದ ಕಂದಾಯವನ್ನು ವಶಪಡಿಸಲು ಹೋದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಸೈನ್ಯದ ಪಟ್ಟಿಯ ಹೆಸರುಗಳನ್ನೆಣಿಸುವವರು ಈ ಮೂವರನ್ನು ಯಾವ ಲೆಕ್ಕಕ್ಕೆ ಬರೆಯುವರು?