ಫಲಕ ಸರ್ಕಾರದ್ದು, ಮಾತು ಯಾರದು?

ಅಮೆರಿಕದ ರಾಜ್ಯಗಳಲ್ಲಿ ಹೆಚ್ಚುವರಿ ಶುಲ್ಕ ತೆತ್ತರೆ ವಾಹನದ ನೋಂದಣಿ ಫಲಕದ ಮೇಲೆ ಮಾಲೀಕ ತಾನು ಬಯಸಿದ ಅಕ್ಷರ, ಅಂಕಿಗಳನ್ನು ಬರೆಸಿಕೊಳ್ಳಬಹುದು. ಸಿಗುವುದು ಏಳೆಂಟು ಅಕ್ಷರಗಳ ಜಾಗ. ಅಷ್ಟರಲ್ಲೇ ಹೆಸರು, ಭಕ್ತಿ, ಚೇಷ್ಟೆ, ಒಮ್ಮೊಮ್ಮೆ ಬೈಗುಳ. ಈ ಅಕ್ಷರಗಳು ಮಾಲೀಕನ ಮಾತಲ್ಲ, ಸರ್ಕಾರದ್ದೇ ಮಾತು ಎಂದು ಟೆನೆಸಿ ರಾಜ್ಯದ ಸುಪ್ರೀಂ ಕೋರ್ಟ್ 2025ರಲ್ಲಿ ತೀರ್ಪಿತ್ತಿದೆ. ಹಾಗಾದರೆ ಸಂವಿಧಾನದ ಮೊದಲ ತಿದ್ದುಪಡಿ ಕೊಡುವ ವಾಕ್ ಸ್ವಾತಂತ್ರ್ಯದ ರಕ್ಷಣೆ ಅವುಗಳಿಗಿಲ್ಲ.

ಈ ವಾದದ ಬೇರು 2015ರ ಟೆಕ್ಸಾಸ್ ಪ್ರಕರಣದಲ್ಲಿದೆ. ಅಂತರ್ಯುದ್ಧ ಕಾಲದ ದಕ್ಷಿಣ ರಾಜ್ಯಗಳ ಒಕ್ಕೂಟದ ಬಾವುಟವಿದ್ದ ಫಲಕವನ್ನು ಆ ರಾಜ್ಯ ನಿರಾಕರಿಸಿತ್ತು. ಗುಲಾಮಗಿರಿಯ ನೆನಪು ಹೊತ್ತ ಚಿಹ್ನೆಗೆ ತನ್ನ ಮುದ್ರೆ ಬೀಳಬಾರದೆಂದು ರಾಜ್ಯ ಬಯಸಿದ್ದು ಸಹಜವೇ. ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ರಾಜ್ಯದ ಪರ ನಿಂತಿತು. ಆದರೆ ಅದು ಫಲಕದ ವಿನ್ಯಾಸಕ್ಕೆ ಸಂಬಂಧಿಸಿದ ತೀರ್ಪು. ಒಬ್ಬ ವ್ಯಕ್ತಿ ಹಣ ಕೊಟ್ಟು ಆರಿಸಿಕೊಂಡ ಅಕ್ಷರಗಳಿಗೂ ಅದನ್ನು ಹಿಗ್ಗಿಸಿದಾಗ ವಿಚಿತ್ರಗಳು ತಲೆದೋರುತ್ತವೆ.

ಇಂಡಿಯಾನಾದ ಪೊಲೀಸ್ ಅಧಿಕಾರಿಯೊಬ್ಬ ತನ್ನ ವೃತ್ತಿಯನ್ನೇ ಗೇಲಿ ಮಾಡಿಕೊಂಡು ಹಂದಿಯ ಗುಟುರನ್ನು ಸೂಚಿಸುವ 'ಓಯಿಂಕ್' ಎಂಬ ಫಲಕ ಪಡೆದಿದ್ದ. ಅಲ್ಲಿ ಪೊಲೀಸರನ್ನು ಹಳಿಯುವವರು ಹಂದಿ ಎನ್ನುವುದುಂಟು. ಕೆಲವು ವರ್ಷ ಅದನ್ನು ಕೊಟ್ಟಿದ್ದ ಇಲಾಖೆ ಆಮೇಲೆ ಆಕ್ಷೇಪಾರ್ಹವೆಂದಿತು. ಅದು ಸರ್ಕಾರದ ಮಾತೆಂದೇ ಆ ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಅಷ್ಟು ವರ್ಷ ಗುಟುರು ಹಾಕುತ್ತಿದ್ದುದು ಇಂಡಿಯಾನಾ ಸರ್ಕಾರವೇ?

ಕೆಂಟಕಿಯಲ್ಲಿ ನಾಸ್ತಿಕನೊಬ್ಬ 'ನಾನೇ ದೇವರು' ಎಂಬರ್ಥದ ಫಲಕ ಕೇಳಿದಾಗ ಅಧಿಕಾರಿಗಳು ಒಪ್ಪಲಿಲ್ಲ. ('ಅಹಂ ಬ್ರಹ್ಮಾಸ್ಮಿ' ಕೇಳಿ ಬೆಳೆದ ನಮಗೆ ಇದರಲ್ಲಿ ಬೆಚ್ಚುವಂಥದ್ದೇನೂ ಕಾಣದು.) 2019ರಲ್ಲಿ ಫೆಡರಲ್ ನ್ಯಾಯಾಲಯ ಆತನ ಪರ ತೀರ್ಪಿತ್ತಿತು.

ಆಡಳಿತದಲ್ಲಿ ದಶಕಗಳನ್ನು ಕಳೆದ ನನ್ನ ಅಳುಕು ಇರುವುದು ವಿವೇಚನಾಧಿಕಾರದ ಬಗ್ಗೆ. 'ಸದಭಿರುಚಿಗೆ ಧಕ್ಕೆ' ಎಂಬ ಷರಾ ಬರೆದು ಕಡತ ಮುಚ್ಚುವುದು ಎಷ್ಟು ಸುಲಭವೆಂದು ನಾನು ಬಲ್ಲೆ. ಕ್ಯಾಲಿಫೋರ್ನಿಯಾದ ಇಂಥದ್ದೇ ನಿಯಮವನ್ನು 2020ರಲ್ಲಿ ಫೆಡರಲ್ ನ್ಯಾಯಾಲಯ ಅಸಾಂವಿಧಾನಿಕ ಎಂದದ್ದು ಸರಿಯಾಗಿಯೇ ಇದೆ. ನಮ್ಮಲ್ಲಿ ಹರಾಜಿನಲ್ಲಿ ಕೊಳ್ಳುವುದು ಫ್ಯಾನ್ಸಿ ನಂಬರನ್ನು ಮಾತ್ರ, ಪದವನ್ನಲ್ಲ. ಕನ್ನಡ ಅಂಕಿಗಳ ಫಲಕಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವಿಲ್ಲ. ಅದು ನಮಗೆ ಹಿತವೆನಿಸದಿರಬಹುದು, ಆದರೆ ನಿಯಮ ಲಿಖಿತವಾಗಿದೆ, ಎಲ್ಲರಿಗೂ ಒಂದೇ ಆಗಿದೆ.

ಏಕಸ್ವಾಮ್ಯದ ಮಾರಾಟಗಾರ ಸರಕಿಗೆ ಬೆಲೆ ಪಡೆದ ಮೇಲೆ ಅದು ಇನ್ನೂ ನನ್ನದೇ ಎನ್ನುವುದನ್ನು ಯಾವ ಅರ್ಥಶಾಸ್ತ್ರವೂ ಸಮರ್ಥಿಸದು. ಅಮೆರಿಕದ ರಾಜ್ಯಗಳು ಅಶ್ಲೀಲ ಪದ, ಬೆದರಿಕೆಗಳಂಥ ಕೆಲವೇ ಆಧಾರಗಳನ್ನು ಶಾಸನದಲ್ಲಿ ಸ್ಪಷ್ಟವಾಗಿ ನಮೂದಿಸಲಿ, ತಿರಸ್ಕಾರಕ್ಕೆ ಲಿಖಿತ ಕಾರಣ ಕೊಡಲಿ. ಅದೂ ಕಷ್ಟವೆನಿಸಿದರೆ ಈ ವ್ಯಾಪಾರ ಬಿಟ್ಟು, ಕ್ರಮಸಂಖ್ಯೆಯ ಫಲಕಗಳನ್ನಷ್ಟೇ ಕೊಡಲಿ.