ಮುಂದೆ ಅಪ್ಪದರ ಮೊದಲೇ ನೋಡಿರೆ?

ಹೆದರ್ಸುವ ಸಿನೆಮ ಹೇಳಿರೆ ಎನಗೆ ಮೊದಲಿಂದಲೂ ಆಗ. ಮಗಳು ರಜೆಲಿ ಬಂದಿಪ್ಪಗ "ಅಮ್ಮಾ, ಜಪಾನಿನ ವಿಚಿತ್ರ ಕತೆಗಳ ಸಿನೆಮ ಇದ್ದು, ಬಾ ಕೂರು" ಹೇಳಿತ್ತು. ಹಲಸಿನ ಬೇಳೆಯ ಚೋಲಿ ತೆಗಕ್ಕೊಂಡು ಕರೇಲಿ ಕೂದೆ. ಮುಗಿವನ್ನಾರ ಎದ್ದಿದಿಲ್ಲೆ, ಬೇಳೆಯೂ ಅರ್ಧ ಹಾಂಗೇ ಒಳುದತ್ತು.

ಇದರ ಮೂಲ ಜಪಾನಿನ ಫ್ಯೂಜಿ ಟೀವಿಲಿ 1990ರಲ್ಲಿ ಸುರುವಾದ 'ಯೋ ನಿ ಮೋ ಕಿಮ್ಯೋ ನಾ ಮೊನೊಗತಾರಿ' ಹೇಳ್ತ ಕಾರ್ಯಕ್ರಮ. ಲೋಕದ ವಿಚಿತ್ರ ಕತೆಗೊ ಹೇಳಿ ಅರ್ಥ ಮಾಡ್ಳಕ್ಕು. ನಮ್ಮ ಧಾರಾವಾಹಿಯ ಹಾಂಗೆ ವರ್ಷಗಟ್ಲೆ ಎಳವ ಕ್ರಮ ಇಲ್ಲೆ. ಒಂದು ಕಂತಿಲಿ ಕೆಲವು ಸಣ್ಣ ಕತೆಗೊ, ಒಂದಕ್ಕೊಂದು ಸಂಬಂಧ ಇಲ್ಲೆ. ಎಡೆಲಿ ಕಪ್ಪು ಕನ್ನಡಕದ ತಮೋರಿ ಹೇಳ್ತ ಹಾಸ್ಯಗಾರ ಬಂದು ನಾಕು ಮಾತು ಹೇಳಿಕ್ಕಿ ಹೋವುತ್ತವು. ಸುರುವಿಂಗೆ ವಾರ ವಾರ ಬಂದೊಂಡಿತ್ತು, ಮತ್ತೆ ವರ್ಷಲ್ಲಿ ಕೆಲವೇ ಸರ್ತಿ. ಎಂಗೊ ನೋಡಿದ್ದು ಅದರದ್ದೇ 2000ನೇ ಇಸವಿಯ ಸಿನೆಮ, ಅದರಲ್ಲಿ ನಾಕು ಕತೆ.

ಹಿಮಲ್ಲಿ ವಿಮಾನ ಬಿದ್ದ ಕತೆ ನೋಡುವಗ ಹೆದರಿಕೆ ಆತು. 47 ಸಮುರಾಯಿಗಳ ಮುಖಂಡ ಓಯಿಶಿಯ ಕೈಗೆ ಮೊಬೈಲು ಸಿಕ್ಕಿದ ಕತೆಗೆ ನೆಗೆ ತಡೆಯ. ಮುನ್ನೂರು ವರ್ಷ ಹಿಂದಾಣ ಮನುಷ್ಯಂಗೆ ಮುಂದಾಣ ಕಾಲಂದ ಫೋನು!

ಎನ್ನ ಒರಕ್ಕು ಕೆಡ್ಸಿದ್ದು ಮಾಂತ್ರ ಮದುವೆಯ ಕತೆ. ಅದರಲ್ಲಿ ಭೂತವೂ ಇಲ್ಲೆ, ನೆತ್ತರೂ ಇಲ್ಲೆ. ಮದುವೆ ಅಪ್ಪಲೆ ಹೆರಟ ಜೋಡಿಗೆ ಅವರ ಮುಂದಾಣ ಸಂಸಾರವ ಯಂತ್ರಲ್ಲಿ ತೋರ್ಸುತ್ತವು. ಸುರುವಿಂಗೆ ಪ್ರೀತಿ, ಮತ್ತೆ ಜಗಳ. ಅಕೇರಿಗೆ ಎಂತಾತು ಹೇಳಿ ಆನು ಹೇಳ್ತಿಲ್ಲೆ, ನಿಂಗಳೇ ನೋಡಿ.

"ಅಂಥಾ ಯಂತ್ರ ಇದ್ದರೆ ಒಳ್ಳೆದಿತ್ತು ಅಲ್ಲದಾ ಅಮ್ಮಾ?" ಮಗಳು ಕೇಳಿತ್ತು. ಅದಕ್ಕೆ ಜಾತಕ ನೋಡಿಗೊಂಡಿಪ್ಪ ಸಮಯ. ಎನಗೆ ಕೂಡ್ಲೆ ಉತ್ತರ ಹೇಳ್ಲೆ ಎಡಿಗಾಯಿದಿಲ್ಲೆ.

ಎನ್ನ ಮದುವೆ ಆಗಿ 31 ವರ್ಷ ಆತು. ಯಂತ್ರ ಎನಗೆ ಎಂತ ತೋರ್ಸುಗು? ಸುರುವಾಣ ಮಳೆಗಾಲ ಅಪ್ಪನ ಮನೆಗೆ ಹೋಯೆಕ್ಕು ಹೇಳಿ ಕೂಗಿದ್ದು, ಅಡಕ್ಕೆಗೆ ಕೊಳೆರೋಗ ಬಂದ ವರ್ಷ ಎಂಗೊ ಇಬ್ರೂ ಎರಡು ವಾರ ಸರಿ ಮಾತಾಡದ್ದು. ಅಷ್ಟರ ನೋಡಿದ್ದರೆ ಆನು ಬೇಡ ಹೇಳ್ತಿತ್ತೆ. ಆ ಎರಡು ವಾರ ಕಳುದ ಮೇಲೆ ಒಂದು ಉದಿಯಪ್ಪಗ ಇವು ಎನ್ನಂದ ಮೊದಲೇ ಎದ್ದು, ಕಾಪಿ ಮಾಡಿ ತಂದು ಮಡಗಿದವು. ಒಂದು ಮಾತೂ ಆಡಿದ್ದವಿಲ್ಲೆ. ಅದರ ಯಂತ್ರ ತೋರ್ಸುಗೊ? ತೋರ್ಸಿರೂ 22 ವರ್ಷದ ಕೂಸಿಂಗೆ ಆ ಕಾಪಿಯ ಬೆಲೆ ಗೊಂತಕ್ಕೊ?

ಹಾಂಗೆ ಹೇಳಿ ಕಣ್ಣು ಮುಚ್ಚಿ ಮದುವೆ ಆಗಿ ಹೇಳ್ತದಲ್ಲ. ಮಾಣಿಯ ಗುಣ ಎಂತ, ಮನೆಯವು ಹೇಂಗೆ, ಕೂಸಿನ ಕೆಲಸಕ್ಕೆ ಅಡ್ಡ ಬಕ್ಕೊ - ಎಲ್ಲವನ್ನೂ ವಿಚಾರ್ಸೆಕ್ಕು. ಅದು ಈಗಾಣ ಸಂಗತಿ, ನೋಡಿರೆ ಕಾಣ್ತು. ನಾಳಂಗಾಣದ್ದರ ನೋಡಿಕ್ಕಿಯೇ ಹೆಜ್ಜೆ ಮಡುಗುತ್ತೆ ಹೇಳಿರೆ ಮನೆಯ ಮೆಟ್ಲುದೆ ಇಳಿವಲೆಡಿಯ.

ಮರದಿನ ಮಗಳಿಂಗೆ ಇಷ್ಟೇ ಹೇಳಿದೆ. "ಯಂತ್ರ ಬೇಡ ಮಗಾ. ಮಾಣಿಯ ಹತ್ರೆ ಎರಡು ಮೂರು ಸರ್ತಿ ಕೂದು ಮಾತಾಡು. ಮನಸ್ಸಿಂಗೆ ಸರಿ ಕಾಣದ್ದರೆ ಧೈರ್ಯಲ್ಲಿ ಬೇಡ ಹೇಳು, ಆನಿದ್ದೆ."

ನಿಂಗೊ ಎಂತ ಹೇಳ್ತಿ?